ಸೋಲ್ ಪದಗಳ ಊರಿಗೆ ಭಾವನ ಜೊತೆ

ಕುಂದಾಪುರ

ಹದಿನೆಂಟು ದಿನ ಅಮೇರಿಕದಲ್ಲಿದ್ದು ಬಂದೆ. ಸಿಕ್ಕವರೆಲ್ಲ ಜಲಪಾತ ನೋಡಿದೆಯಾ, ಸಮುದ್ರದ ನಡುವಿನ ಆ ದೊಡ್ಡ ಮೂರ್ತಿ ನೋಡಿದೆಯಾ ಎಂದು ಕೇಳಿದರು. ಎರಡನ್ನೂ ನೋಡಲಿಲ್ಲ. ನಾನು ನೋಡಲೆಂದೇ ಹೋದದ್ದು ಒಂದು ಕೋಣೆಯನ್ನು. ಅಲಬಾಮಾ ರಾಜ್ಯದಲ್ಲಿ ದೊಡ್ಡ ನದಿಯೊಂದರ ದಂಡೆಯ ಸಣ್ಣ ಊರಿನಲ್ಲಿರುವ, ಹಾಡು ಮುದ್ರಿಸುವ ಹಳೆಯ ಕೋಣೆ.

ನನ್ನ ಕಸುಬೂ ಅದೇ. ಕುಂದಾಪುರದಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ, ಅದರ ಹಿಂದೆ ರೆಕಾರ್ಡಿಂಗ್ ಕೋಣೆ. ಗೋಡೆಗೆ ಗೋಣಿ ಹೊಡೆದು ಅದರ ಮೇಲೆ ಮೊಟ್ಟೆಯ ಟ್ರೇ ಅಂಟಿಸಿದ್ದೆ. ಯಕ್ಷಗಾನ ಭಾಗವತರ ಪದ, ತಾಳಮದ್ದಲೆ, ಭಜನೆ, ಬ್ರಹ್ಮಾವರದ ಇಗರ್ಜಿಯ ಗಾಯನ ತಂಡ, ಚುನಾವಣೆ ಬಂದರೆ ಎಲ್ಲ ಪಕ್ಷಗಳ ಘೋಷಣೆ, ಎಲ್ಲವೂ ಅಲ್ಲೇ ಆಗುತ್ತಿತ್ತು. ಸದ್ದು ಬರುತ್ತದೆಂದು ಫ್ಯಾನ್ ಇಟ್ಟಿರಲಿಲ್ಲ. ಹಾಡಿದವರೆಲ್ಲ ಬೆವರಿಕೊಂಡೇ ಹಾಡಿದ್ದಾರೆ.

ನನ್ನ ಅಕ್ಕ ಜಲಜಕ್ಕನ ಗಂಡ ಭಾಸ್ಕರ ಭಾವ. ಬಿಜೂರಿನವರು. ಮುಂಬೈಗೆ ಹೋಗಿ, ಅಲ್ಲಿಂದ ಸರಕು ಹಡಗು ಹತ್ತಿ, ಮೂವತ್ತು ವರ್ಷ ಹಡಗಿನ ಅಡುಗೆಯವರಾಗಿದ್ದರು. ೧೯೯೭ರಲ್ಲಿ ಸಮುದ್ರ ಸಾಕೆಂದು ಊರಿಗೆ ಬಂದಾಗ ಟ್ರಂಕಿನಲ್ಲಿ ಅಕ್ಕನಿಗೆ ಸೀರೆ ಎರಡೇ ಇದ್ದವು, ಕ್ಯಾಸೆಟ್ ಮಾತ್ರ ನಲವತ್ತು. ಅಕ್ಕ ಅದನ್ನು ಇವತ್ತಿಗೂ ಹೇಳುತ್ತಾಳೆ.

ಅವರು ಮೊದಲ ಕ್ಯಾಸೆಟ್ ಹಿಡಿದು ನನ್ನ ಅಂಗಡಿಗೆ ಬಂದ ದಿನ ನೆನಪಿದೆ. ಮಧ್ಯಾಹ್ನ, ಗಿರಾಕಿ ಇರಲಿಲ್ಲ.

"ಹ್ವಾಯ್ ಚಂದ್ರ, ಇದನ್ ಒಂದ್ ಹಾಕ್ ಕಾಂಬ. ಸೋಲ್ ಮ್ಯೂಸಿಕ್ ಅಂಬ್ರ್ ಇದ್ಕೆ."

"ಸೋತವ್ರ್ ಪದವಾ ಭಾವ?"

ಭಾವ ಸ್ವಲ್ಪ ಯೋಚಿಸಿದರು. "ಇಂಗ್ಲಿಷಲ್ ಅದ್ಕೆ ಬೇರೆ ಅರ್ಥ ಇತ್ತ್. ಆತ್ಮ ಅಂದೇಳಿ. ಆರೆ ನೀ ಹೇಳ್ದಂಗೂ ಕೇಂತ್, ಕಾಣ್."

ಹೌದು, ಹಾಗೂ ಕೇಳುತ್ತಿತ್ತು. ಅಮೇರಿಕದ ಕಪ್ಪು ಜನ ಇಗರ್ಜಿಯಲ್ಲಿ ದೇವರನ್ನು ಕರೆಯುವ ರೀತಿಯಲ್ಲೇ ಬಿಟ್ಟುಹೋದ ಗಂಡನನ್ನೂ ಮುನಿದ ಹೆಂಡತಿಯನ್ನೂ ಕರೆಯುತ್ತಿದ್ದರು. ಮಾತು ನನಗೆ ಅರ್ಥವಾಗುತ್ತಿರಲಿಲ್ಲ. ಭಾಗವತರು ಕರುಣರಸದ ಪದವನ್ನು ಏರಿಸಿ, ಮೇಲೆ ನಿಲ್ಲಿಸಿ, ಮೆಲ್ಲ ಕೈಬಿಡುವಾಗ ಎದೆಯಲ್ಲಿ ಏನಾಗುತ್ತದೋ ಅದೇ ಆಗುತ್ತಿತ್ತು.

ಅಂದಿನಿಂದ ಭಾವ ವಾರಕ್ಕೆರಡು ಸಲ ಬಿಜೂರಿನಿಂದ ಬಸ್ಸು ಹತ್ತಿ ಬರತೊಡಗಿದರು. ನಲವತ್ತು ಕ್ಯಾಸೆಟ್ ಮುಗಿಯುವಷ್ಟರಲ್ಲಿ ನಮಗಿಬ್ಬರಿಗೂ ಏಳು ಹಾಡು ಬಹಳ ಇಷ್ಟವಾಗಿದ್ದವು. ಒಂದರಲ್ಲಿ ಗಂಡಸೊಬ್ಬ ಮೊದಲ ಸಾಲನ್ನು ಬರಿದನಿಯಲ್ಲಿ ಹಾಡುತ್ತಾನೆ. ಡ್ರಮ್ಮಿನವನು ಎರಡನೆಯ ಸಾಲಿಗೆ ಬರುತ್ತಾನೆ, ಅದೂ ಕೂದಲೆಳೆಯಷ್ಟು ತಡವಾಗಿ. ನಮ್ಮ ಮದ್ದಲೆಯವರು ಹಾಗೆ ಬಾರಿಸಿದರೆ ಭಾಗವತರು ತಿರುಗಿ ನೋಡುತ್ತಾರೆ. ಇಲ್ಲಿ ಆ ತಡವೇ ಚಂದ. ಇನ್ನೊಂದು ಹೆಂಗಸಿನದು. ಹಿಂದೆ ಆರ್ಗನ್ ಮಾತ್ರ. ಕೊನೆಯ ಚರಣಕ್ಕೆ ಮೊದಲು ಅವಳು ಉಸಿರು ತೆಗೆದುಕೊಳ್ಳುವಾಗ ಎಲ್ಲೋ ಒಂದು ಕುರ್ಚಿ ಕಿರ್ ಎನ್ನುತ್ತದೆ. ಆ ಜಾಗ ಬಂದರೆ ಭಾವ ಬೆರಳೆತ್ತಿ "ಕೇಣ್", ಇದನ್ನು ಕೇಳು, ಎನ್ನುತ್ತಿದ್ದರು.

ಹಾಡಿದವರು ಬೇರೆ ಬೇರೆ, ಕಂಪನಿಗಳೂ ಬೇರೆ. ಆದರೂ ಒಂದು ದಿನ ನನಗೆ ಅನುಮಾನ ಬಂತು. "ಭಾವ, ಈ ಏಳೂ ಒಂದೇ ಕೋಣೆಯಲ್ ಮಾಡ್ದದ್. ಗೋಡೆ ಒಂದೇ" ಎಂದೆ. ಭಾವ ನಂಬಲಿಲ್ಲ. ಕನ್ನಡಕ ಹಾಕಿ ಕ್ಯಾಸೆಟ್ಟಿನೊಳಗಿನ ಕಾಗದಗಳನ್ನೆಲ್ಲ ಬಿಡಿಸಿ, ಇರುವೆಯಷ್ಟು ಸಣ್ಣ ಅಕ್ಷರಗಳನ್ನು ಓದಿದರು. ಏಳರಲ್ಲೂ ಅಲಬಾಮಾದ ಅದೇ ಊರು, ಅದೇ ಸ್ಟುಡಿಯೋ. ಅವರು ನನ್ನನ್ನು ನೋಡಿದ ನೋಟ ನನಗೆ ಸಿಕ್ಕ ದೊಡ್ಡ ಸನ್ಮಾನ. "ಇಂವ ಗೋಡೆ ಕೇಂತ ಮಾರಾಯ್ರೆ" ಎಂದು ಊರಿಡೀ ಹೇಳಿಕೊಂಡು ಬಂದರು.

ಆ ಕಿವಿಯ ವಿಷಯ ಇಲ್ಲೇ ಹೇಳಿಬಿಡಬೇಕು. ೨೦೦೯ರಲ್ಲಿ ಮಣಿಪಾಲದ ಡಾಕ್ಟರೊಬ್ಬರು ಪರೀಕ್ಷೆ ಮಾಡಿ, ಎರಡೂ ಕಿವಿಯಲ್ಲಿ ಮೇಲಿನ ಸಣ್ಣ ಸದ್ದುಗಳು ಹೋಗಿವೆ, ಎಡಕ್ಕೆ ಹೆಚ್ಚು, ಬಲಕ್ಕೆ ಸ್ವಲ್ಪ ಕಡಿಮೆ ಎಂದರು. ಮೂವತ್ತು ವರ್ಷ ಹೆಡ್‌ಫೋನಿನಲ್ಲಿ ಚಂಡೆ ಕೇಳಿದ ಫಲ. ಹೋದದ್ದು ಬರುವುದಿಲ್ಲ, ಇನ್ನೂ ಹೋಗುತ್ತದೆ, ಯಂತ್ರ ಹಾಕಿಕೊಳ್ಳಿ ಎಂದರು. ನಾನು ಹಾಕಿಕೊಳ್ಳಲಿಲ್ಲ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕುಳಿತವನ ಎದುರು ಯಾವ ಭಾಗವತರು ಹಾಡಿಯಾರು? ಹೆಂಡತಿಗೂ ಹೇಳಲಿಲ್ಲ. ಭಾವನಿಗಂತೂ ಹೇಳುವ ಧೈರ್ಯವೇ ಬರಲಿಲ್ಲ.

ಎರಡು ವರ್ಷದ ಮೇಲೆ, ಬರ್ಮಿಂಗ್‌ಹ್ಯಾಮಿನಲ್ಲಿ ಫಿಸಿಯೋಥೆರಪಿ ಕೆಲಸದಲ್ಲಿದ್ದ ಭಾವನ ಮಗಳು ಶೈಲಾ ಅಪ್ಪ ಅಮ್ಮನನ್ನು ಕರೆದಳು. ಅಲಬಾಮಾ. ಆ ಕೋಣೆಯಿಂದ ಎರಡೂವರೆ ಗಂಟೆಯ ದಾರಿ.

"ನಾನ್ ಆ ವಿಮಾನ ಹತ್ತುದಿಲ್ಲ" ಎಂದಳು ಅಕ್ಕ. "ತಮ್ಮ, ನೀ ಹೋಯ್ ಬಾ. ಇವ್ರ್ ಒಬ್ರನ್ನೇ ಕಳ್ಸುಕಾತಿಲ್ಲ."

ಕಿವಿ ಪೂರ್ತಿ ಹೋಗುವ ಮೊದಲು ಆ ಕೋಣೆಯಲ್ಲಿ ಒಮ್ಮೆ ನಿಂತು ಬರಬೇಕು ಎಂದು ನಾನು ಒಳಗೊಳಗೇ ತೀರ್ಮಾನಿಸಿದೆ.

ಅಟ್ಲಾಂಟಾ ವಿಮಾನ ನಿಲ್ದಾಣ

ಮೂವತ್ತು ವರ್ಷ ಲೋಕ ಸುತ್ತಿದ ಭಾವನಿಗೆ ಅಮೇರಿಕ ಎಂದರೆ ಬಂದರು. ದಕ್ಕೆ, ಕ್ರೇನು, ದಕ್ಕೆಯ ಗೇಟಿನಾಚೆಯ ಒಂದು ಕ್ಯಾಸೆಟ್ ಅಂಗಡಿ, ಅಷ್ಟೇ. ವಿಮಾನದಿಂದಿಳಿದು ಉದ್ದದ ಸಾಲಿನಲ್ಲಿ ನಿಂತಾಗ, "ಹಡಗಲ್ ಬಂದ್ರೆ ಹೀಂಗೆಲ್ಲ ನಿಲ್ಸುದಿಲ್ಲೆ" ಎಂದು ಗೊಣಗಿದರು.

ತಪಾಸಣೆಯ ಅಧಿಕಾರಿ ಭಾವನ ಚೀಲ ಬಿಚ್ಚಿಸಿದ. ಒಣ ಸಿಗಡಿಯ ಪೊಟ್ಟಣವಿತ್ತು, ಮಗಳಿಗೆ ಇಷ್ಟವೆಂದು ಅಕ್ಕ ಕಟ್ಟಿಕೊಟ್ಟದ್ದು. ಅವನು ಅದನ್ನು ತೆರೆದು, ಮೂಗು ಹತ್ತಿರ ತಂದು, ಎರಡು ಹೆಜ್ಜೆ ಹಿಂದೆ ಹೋದ. ಇದೇನೆಂದು ಕೇಳಿದ. ನಾನು ಬೆವರಿದೆ. ಭಾವ ಮಾತ್ರ ತಮ್ಮ ಹಡಗಿನ ಇಂಗ್ಲಿಷಿನಲ್ಲಿ ಶುರುಮಾಡಿದರು. ತಲೆ ಬಾಲ ತೆಗೆಯಬೇಕು, ಬಾಣಲೆಯಲ್ಲಿ ಎಣ್ಣೆ ಹಾಕದೆ ಹುರಿಯಬೇಕು, ತೆಂಗಿನಕಾಯಿ, ಒಣಮೆಣಸು, ಹುಣಸೆಹುಳಿ, ನೀರು ತಾಗಿಸಬಾರದು. ಅವನು ಪೂರ್ತಿ ಕೇಳಿದ. ಕೊನೆಗೆ ಪೊಟ್ಟಣವನ್ನು ತಾನೇ ಬಿಗಿಯಾಗಿ ಕಟ್ಟಿ ಕೈಗಿಟ್ಟು, ತೆಂಗಿನಕಾಯಿ ತುರಿದದ್ದೋ ತುಂಡೋ ಎಂದು ಕೇಳಿದ. ತುರಿದದ್ದು ಎಂದರು ಭಾವ.

ಶೈಲಾಳ ಮನೆಯಲ್ಲಿ ಒಂದು ವಾರ ಇದ್ದೆವು. ಅಲ್ಲಿನ ಜನ ಮಾತನ್ನು ಎಳೆದು ಎಳೆದು ಆಡುತ್ತಾರೆ. ನಾವು ಕುಂದಾಪುರದವರು ಅರ್ಧ ಶಬ್ದ ನುಂಗಿಯೇ ಹೊರಗೆ ಬಿಡುವವರು. ಅವರ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅಕ್ಕ ಎರಡು ಸಲ ಬೈದು ಮುಗಿಸುತ್ತಾಳೆ. ಆದರೆ ಆ ನಿಧಾನ ನನಗೆ ಅನುಕೂಲವಾಯಿತು. ತುಟಿ ನೋಡಿ ಹಿಡಿಯಬಹುದಿತ್ತು.

ಎರಡನೆಯ ಶನಿವಾರ ಶೈಲಾ ನಮ್ಮನ್ನು ಕಾರಿನಲ್ಲಿ ಆ ಊರಿಗೆ ತಂದು ಮೋಟೆಲ್ ಒಂದರಲ್ಲಿ ಬಿಟ್ಟಳು. ಅವಳಿಗೆ ಕೆಲಸವಿತ್ತು.

"ಸೋಮವಾರ ಸಂಜೆ ಬತ್ತೆ. ಅಪ್ಪಯ್ಯ, ಲುಂಗಿ ಉಟ್ಕಂಡ್ ಹೊರ್ಗೆಲ್ಲ ತಿರ್ಗ್‌ಬೇಡಿ. ಮಾವ, ನೀವ್ ಕಾಣ್ಕಣಿ."

ಭಾನುವಾರ, ಹೆದ್ದಾರಿ

ನಕ್ಷೆಯ ಪ್ರಕಾರ ಸ್ಟುಡಿಯೋ ಮೂರು ಕಿಲೋಮೀಟರ್ ದೂರ. ನನ್ನ ಮನೆಯಿಂದ ಆನೆಗುಡ್ಡೆಯ ದೇವಸ್ಥಾನಕ್ಕೆ ಬೆಳಿಗ್ಗೆ ಎದ್ದು ನಡೆದುಹೋಗಿ ಬರುವವನಿಗೆ ಮೂರು ಕಿಲೋಮೀಟರ್ ಏನು ದೊಡ್ಡದು. ಚಾ ಕುಡಿದು ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಗೊತ್ತಾಯಿತು, ಆ ರಸ್ತೆಯಲ್ಲಿ ನಡೆಯುವವರಿಗೆ ಜಾಗವೇ ಇಲ್ಲ. ಅಂಚಿನ ಹುಲ್ಲಿನಲ್ಲಿ ಒಬ್ಬರ ಹಿಂದೆ ಒಬ್ಬರಂತೆ, ಗದ್ದೆಯ ಅಂಚಿನ ಮೇಲೆ ಹೋದ ಹಾಗೆ ಹೋದೆವು. ಕಾರುಗಳು ನಮ್ಮ ಹತ್ತಿರ ಬಂದು ನಿಧಾನವಾಗಿ, ನೋಡಿ, ಮುಂದೆ ಹೋಗುತ್ತಿದ್ದವು. ಒಬ್ಬ ಮುದುಕಿ ಗಾಜು ಇಳಿಸಿ ನೀರಿನ ಬಾಟಲಿ ಕೊಟ್ಟು ಹೋದಳು.

ಆಮೇಲೆ ಪೊಲೀಸ್ ಕಾರು ಬಂದು ನಿಂತಿತು.

ಇಳಿದ ಪೊಲೀಸ್ ಎತ್ತರದ ಆಸಾಮಿ. ಏನೋ ಕೇಳಿದ. ನನಗೆ ಸರಿ ಕೇಳಿಸಲಿಲ್ಲ, ಅವನು ನನ್ನ ಎಡಕ್ಕಿದ್ದ. ಭಾವ ಉತ್ತರ ಕೊಟ್ಟರು.

"ಎಂತ ಕೇಂತ ಭಾವ?"

"ಕಾರ್ ಎಲ್ ಹಾಳಾಯ್ತ್ ಅಂದೇಳಿ ಕೇಂತ. ಕಾರ್ ಇಲ್ಲೆ, ಕಾಲ್ ಇತ್ತ್ ಅಂದೆ."

ಅವನಿಗೆ ಅದು ಅರ್ಥವಾಗಲಿಲ್ಲ. ಕಾರು ಹಾಳಾಗದೆ ಇಬ್ಬರು ಹಿರಿಯರು ರಸ್ತೆಯಲ್ಲಿ ಯಾಕೆ ನಡೆಯುತ್ತಾರೆ ಎಂಬುದು ಅವನ ಚಿಂತೆ. ಸ್ಟುಡಿಯೋ ನೋಡಲು ಹಿಂದೂಸ್ತಾನದಿಂದ ಬಂದಿದ್ದೇವೆ ಎಂದಾಗ ಟೋಪಿ ತೆಗೆದು ತಲೆ ಕೆರೆದುಕೊಂಡ. ಬಾಗಿಲು ತೆರೆದು ನಮ್ಮನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಮುಂದಿನ ಸೀಟಿಗೂ ನಮಗೂ ನಡುವೆ ಕಬ್ಬಿಣದ ಜಾಲರಿ. ಭಾವ ಜಾಲರಿ ಮುಟ್ಟಿ ನೋಡಿ, "ಜಲಜಂಗ್ ಇದನ್ ಹೇಳುಕಾಗ" ಎಂದರು.

ಸ್ಟುಡಿಯೋದ ಬಾಗಿಲಿಗೆ ಚೀಟಿ ತೂಗಿತ್ತು. ಭಾನುವಾರ ರಜೆ.

ಹದಿನಾಲ್ಕು ವರ್ಷ ಕಾದು, ಎರಡು ಸಮುದ್ರ ದಾಟಿ ಬಂದು, ರಜೆ ಯಾವತ್ತು ಎಂದು ಕೇಳುವುದನ್ನು ನಾವಿಬ್ಬರೂ ಮರೆತಿದ್ದೆವು. ಕಟ್ಟಡ ನಮ್ಮ ಹಳೆಯ ಸಹಕಾರಿ ಸಂಘದ ಗೋದಾಮಿನ ಹಾಗಿತ್ತು. ತಗ್ಗಾದ ಛಾವಣಿ, ಸಿಮೆಂಟ್ ಇಟ್ಟಿಗೆ, ಒಂದು ಬಾಗಿಲು. ಪೊಲೀಸನಿಗೆ ನಮ್ಮ ಮುಖ ನೋಡಿ ಏನನ್ನಿಸಿತೋ, ಪಕ್ಕದ ಬೀದಿಯ ಹೋಟೆಲಿನ ಎದುರು ಇಳಿಸಿ, ಒಳಗಿನ ಹೆಂಗಸಿಗೆ ಏನೋ ಹೇಳಿ ಹೋದ.

ಆ ಹೆಂಗಸಿನ ಹೆಸರು ಬರ್ನಿಸ್. ಅರವತ್ತರ ಮೇಲಿನ, ದಪ್ಪಗಿನ ಕಪ್ಪು ಹೆಂಗಸು. ಮಾತಿಗೊಮ್ಮೆ "ಹನಿ", "ಬೇಬಿ". ಗಂಗೊಳ್ಳಿಯ ಮೀನು ಮಾರುವ ಹೆಂಗಸರು ಎಪ್ಪತ್ತು ವರ್ಷದವನನ್ನೂ "ಮಗಾ" ಎಂದು ಕರೆದ ಹಾಗೆ. ನಾವು ಕೇಳುವ ಮೊದಲೇ ಎರಡು ತಟ್ಟೆ ತಂದಿಟ್ಟಳು. ಬಿಳಿ ಜೋಳದ ರವೆಯ ಗಂಜಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಹೊಳೆಮೀನು ಹುರಿದದ್ದು. ಭಾವ ಮೀನು ಮುರಿದು, ಹೊರಗಿನ ಪದರವನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಜೋಳದ್ ಹಿಟ್ಟ್. ನಾವ್ ರವೆ ಹಾಕ್ತ್, ಇವ್ರ್ ಇದ್ ಹಾಕ್ತ್ರ್. ಖಾರ ಸಾಲ, ಆರೆ ಹುರ್ದದ್ ಸಮ ಇತ್ತ್."

ಇವರು ಏನೆಂದರು ಎಂದು ಅವಳು ಕೇಳಿದಳು. ಭಾವ ಹೇಳಿದರು. ಖಾರದ ಮಾತಿಗೆ ಅವಳು ಒಳಗೆ ಹೋಗಿ ಕೆಂಪು ಬಾಟಲಿಯೊಂದನ್ನು ತಂದು ಅವರ ಎದುರು ಕುಕ್ಕಿದಳು. ಅಲ್ಲಿಗೆ ಸ್ನೇಹವಾಯಿತು.

ಹಾಡುಗಳ ಮಾತು ತೆಗೆದದ್ದೂ ಅವಳೇ. ಆ ಕಾಲದಲ್ಲಿ ದೊಡ್ಡ ಊರುಗಳಿಂದ ಹಾಡಲು ಬರುತ್ತಿದ್ದವರೆಲ್ಲ ಕಪ್ಪು ಜನ. ಸ್ಟುಡಿಯೋದಲ್ಲಿ ನುಡಿಸುತ್ತಿದ್ದವರು ಇದೇ ಊರಿನ ಬಿಳಿ ಹುಡುಗರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆ ಡ್ರಮ್ಮಿನವನು ಕಪ್ಪು ಮನುಷ್ಯನೇ ಎಂದು ಹದಿನಾಲ್ಕು ವರ್ಷ ಮನಸ್ಸಿನಲ್ಲಿ ಚಿತ್ರ ಬರೆದುಕೊಂಡಿದ್ದೆವು. ಕೋಣೆಯೊಳಗೆ ದಿನವಿಡೀ ಒಟ್ಟಿಗೆ ಇರುತ್ತಿದ್ದರು, ಎಂದಳು ಅವಳು. ಊಟದ ಹೊತ್ತಿಗೆ ಹೊರಗೆ ಬಂದರೆ ಒಂದೇ ಹೋಟೆಲಿನಲ್ಲಿ ಕೂರುವ ಹಾಗಿರಲಿಲ್ಲ. ಹಾಡುವವರು ಹಿಂದಿನ ಬೀದಿಗೆ ಬಂದು ಅವಳ ಅಮ್ಮನ ಅಡುಗೆಮನೆಯಲ್ಲಿ ಉಣ್ಣುತ್ತಿದ್ದರು.

ಭಾವ ತಟ್ಟೆಯನ್ನು ಬದಿಗೆ ಸರಿಸಿದರು. "ನಮ್ಮಲ್ಲೂ ಇದ್ದಿತ್ ಅಲ್ದಾ ಚಂದ್ರ. ರಾಮನ್ ವೇಷ ಹಾಕಿ ಕುಣ್ದವ ಇಳ್ದ್ ಬಂದ್ ಅಂಗಳದಲ್ ಕೂತ್ ಉಣ್ಕಿದ್ದಿತ್." ನಾನು ಹೌದೆಂದೆ. ಅಂಥ ಊಟ ನನ್ನ ಅಪ್ಪ ಉಂಡದ್ದನ್ನು ನಾನು ನೋಡಿದ್ದೆ.

ಇಗರ್ಜಿ

ಹೋಟೆಲಿನ ಬಾಗಿಲು ಹಾಕಿ ಬರ್ನಿಸ್ ನಮ್ಮನ್ನು ತನ್ನ ಇಗರ್ಜಿಗೆ ಕರೆದುಕೊಂಡು ಹೋದಳು. ಬ್ರಹ್ಮಾವರದ ಇಗರ್ಜಿಯಲ್ಲಿ ನಾನು ರೆಕಾರ್ಡ್ ಮಾಡಿದ್ದು ಸಾಲಾಗಿ ನಿಂತು ಪುಸ್ತಕ ಹಿಡಿದು ಹಾಡುವ ತಂಡವನ್ನು. ಇಲ್ಲಿ ಪುಸ್ತಕ ಯಾರ ಕೈಯಲ್ಲೂ ಇರಲಿಲ್ಲ. ಒಬ್ಬಳು ಎದ್ದು ಒಂದು ಸಾಲು ಎತ್ತುತ್ತಾಳೆ, ಇಡೀ ಸಭೆ ಅದನ್ನು ಹೆಗಲು ಕೊಟ್ಟು ಎತ್ತಿಕೊಳ್ಳುತ್ತದೆ. ಬೀಸಣಿಗೆಗಳು ಅಲುಗುತ್ತಿದ್ದವು. ನಮ್ಮ ಎದುರಿನ ಮುದುಕ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ.

ಆರ್ಗನ್ನಿನ ಕೆಳಗಿನ ಸ್ವರಗಳು ಬೆಂಚಿನ ಹಲಗೆಯ ಮೂಲಕ ನನ್ನ ತೊಡೆಗೆ ಬರುತ್ತಿದ್ದವು. ತಾಳವೂ ಸಿಗುತ್ತಿತ್ತು. ಮೇಲಿನ ಹೆಂಗಸರ ದನಿ ಮಾತ್ರ ಮಂಜು ಕವಿದ ದೋಣಿಯ ಹಾಗೆ, ಇದೆ ಎಂದು ಗೊತ್ತು, ಅಂಚು ಕಾಣುವುದಿಲ್ಲ. ಪಕ್ಕದಲ್ಲಿ ಭಾವ ನನ್ನ ತೋಳು ಹಿಡಿದು, "ಆ ಸಪುರ್ ಹೆಣ್ಣಿನ್ ದನಿ ಕೇಣ್, ಆ ಕೊನೆ ಕೇಣ್" ಎನ್ನುತ್ತಿದ್ದರು. ನಾನು ತಲೆ ಆಡಿಸಿದೆ.

ಸೋಮವಾರ, ಕೋಣೆ

ಮರುದಿನ ಬರ್ನಿಸಳ ತಮ್ಮನ ಪಿಕಪ್ಪಿನಲ್ಲಿ ಹೋದೆವು. ಬಾಗಿಲು ತೆರೆದಿತ್ತು. ನೋಡಲು ಬಂದವರನ್ನು ಸುತ್ತಾಡಿಸುವ ಕೆಲಸ ಡೀನಾ ಎಂಬ ಇಪ್ಪತ್ತೈದರ ಹುಡುಗಿಯದು. ಬೇರೆ ಯಾರೂ ಬಂದಿರಲಿಲ್ಲ.

ಒಳಗೆ ಹೋದ ಕೂಡಲೆ ಭಾವ ಗೋಡೆಯ ಹತ್ತಿರ ಹೋಗಿ ಕೈಯಿಟ್ಟರು.

"ಗೋಣಿ, ಮಾರಾಯ."

ಗೋಣಿಯೇ. ಬಣ್ಣ ಮಾಸಿದ, ಅಲ್ಲಲ್ಲಿ ಹೊಲಿಗೆ ಬಿಟ್ಟ ಗೋಣಿಬಟ್ಟೆ. ಲೋಕವೆಲ್ಲ ಹೊಗಳುವ ಆ ದನಿ ನನ್ನ ಅಂಗಡಿಯ ಹಿಂದಿನಂಥದೇ ಗೋಡೆಯಿಂದ ಬಂದದ್ದು. ನಾನು ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ. ಸದ್ದು ಹೋಗಿ, ಬೇಗ ಸತ್ತು, ಸ್ವಲ್ಪ ಬೆಚ್ಚಗಾಗಿ ಹಿಂದೆ ಬಂತು. ಹದಿನಾಲ್ಕು ವರ್ಷದಿಂದ ಗೊತ್ತಿದ್ದ ಗೋಡೆ.

ಒಳಕೋಣೆಯಿಂದ ಯಾರೋ ಎರಡು ಚಪ್ಪಾಳೆ ತಟ್ಟಿ ಉತ್ತರ ಕೊಟ್ಟರು. ಎಂಬತ್ತರ ಹತ್ತಿರದ, ಸಪೂರ ಬಿಳಿಯ ಮನುಷ್ಯರೊಬ್ಬರು, ಎರಡೂ ಕಿವಿಯಲ್ಲಿ ಯಂತ್ರ. ಹೆಸರು ವಾಲ್ಟರ್. ಆ ಕಾಲದಲ್ಲಿ ಇಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದವರಲ್ಲಿ ಒಬ್ಬರು, ಈಗಲೂ ಸೋಮವಾರ ಬಂದು ಹಳೆಯ ಯಂತ್ರಗಳಿಗೆ ಎಣ್ಣೆ ಬಿಡುತ್ತಾರೆ ಎಂದಳು ಡೀನಾ. ಒಳಗೆ ಬಂದು ಚಪ್ಪಾಳೆ ತಟ್ಟುವವನು ನೋಡಲು ಬಂದವನಲ್ಲ, ಕಸುಬಿನವನು, ಎಂದರು ಅವರು. ಭಾವ ಅದನ್ನು ನನಗೆ ಹೇಳಿ, ತಾವೇ ಹೆಮ್ಮೆಪಟ್ಟುಕೊಂಡರು.

ಭಾವ ನಮ್ಮ ಏಳು ಹಾಡುಗಳನ್ನು ಒಂದೊಂದಾಗಿ ಹೇಳಿದರು. ವಾಲ್ಟರ್ ಪ್ರತಿಯೊಂದಕ್ಕೂ ಒಂದು ಮೂಲೆ ತೋರಿಸಿದರು. ಡ್ರಮ್ ಇಲ್ಲಿ, ಹಾಡುವವನು ಅಲ್ಲಿ. ಅವನ ಬೆನ್ನು ಡ್ರಮ್ಮಿನ ಕಡೆಗೆ ಇದ್ದದ್ದರಿಂದ ಡ್ರಮ್ಮಿನ ಹುಡುಗ ಅವನ ಹೆಗಲು ಅಲುಗುವುದನ್ನು ನೋಡಿ ಬಾರಿಸುತ್ತಿದ್ದ, ಅದಕ್ಕೇ ಆ ತಡ. ಹೆಂಗಸಿನ ಹಾಡಿನ ಕುರ್ಚಿಯ ಬಗ್ಗೆ ಭಾವ ಕೇಳಿದಾಗ ಅವರು ಜೋರಾಗಿ ನಕ್ಕರು. ಅದು ಆರ್ಗನ್ ನುಡಿಸುವವನ ಕುರ್ಚಿ. ಇನ್ನೊಮ್ಮೆ ಹಾಡಬೇಕು ಎಂದು ವಾಲ್ಟರ್ ಬೇಡಿಕೊಂಡರಂತೆ. ಆಕೆ ಚೀಲ ಹೆಗಲಿಗೇರಿಸಿ, ಇನ್ನೊಮ್ಮೆ ಹಾಡುವಷ್ಟು ದುಃಖ ಇವತ್ತು ಉಳಿದಿಲ್ಲ ಎಂದು ಬಸ್ಸಿಗೆ ಹೋದಳಂತೆ.

ನಾನು ಚೀಲದಿಂದ ಒಂದು ಸಿಡಿ ತೆಗೆದೆ. ಹಿಂದಿನ ವರ್ಷ ಗುಲ್ವಾಡಿಯಲ್ಲಿ ಮಾಡಿದ್ದು. ಹಿರಿಯ ಭಾಗವತರೊಬ್ಬರಿಗೆ ಪೇಟೆಗೆ ಬರುವ ಶಕ್ತಿ ಇರಲಿಲ್ಲ, ಹಾಗಾಗಿ ಹೊಳೆ ಬದಿಯ ಅವರ ಮನೆಗೇ ಯಂತ್ರ ಒಯ್ದಿದ್ದೆ. ದನಿ, ಮದ್ದಲೆ, ಶ್ರುತಿ, ಅಷ್ಟೇ. ನನ್ನ ಜೀವಮಾನದ ಅತಿ ಶುದ್ಧ ಕೆಲಸ ಅದು ಎಂದು ನಂಬಿದ್ದೆ. ಇಂಥ ಕೋಣೆಗೆ ಕೊಡಲು ಅದಕ್ಕಿಂತ ಒಳ್ಳೆಯದು ನನ್ನಲ್ಲಿರಲಿಲ್ಲ.

ವಾಲ್ಟರ್ ನನ್ನನ್ನು ಯಂತ್ರದ ಎದುರಿನ ಕುರ್ಚಿಯಲ್ಲಿ, ಅವರದೇ ಕುರ್ಚಿಯಲ್ಲಿ ಕೂರಿಸಿ, ಸಿಡಿ ಹಾಕಿದರು. ಭಾಗವತರ ದನಿ ಅಲಬಾಮಾದ ಗೋಣಿ ಗೋಡೆಗಳ ನಡುವೆ ಎದ್ದಿತು. ವಾಲ್ಟರ್ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಹೇಳತೊಡಗಿದರು, ಭಾವ ಕನ್ನಡಕ್ಕೆ ತರುತ್ತಿದ್ದರು. ಹಾಡುವವರು ನೆಲದ ಮೇಲೆ ಕೂತಿದ್ದಾರೆ. ವಯಸ್ಸಾಗಿದೆ, ಎದೆಯಲ್ಲಿ ಬಲವಿಲ್ಲ, ಆದರೆ ಎಲ್ಲಿ ಉಸಿರು ತೆಗೆಯಬೇಕು ಗೊತ್ತಿದೆ. ಛಾವಣಿ ಮರದ್ದು. ಹತ್ತಿರದಲ್ಲಿ ನೀರು ಇದೆ.

ಒಂದೂ ತಪ್ಪಿರಲಿಲ್ಲ.

ಆಗ ಬಾಗಿಲಲ್ಲಿ ನಿಂತಿದ್ದ ಡೀನಾ ಏನೋ ಕೇಳಿದಳು. ಭಾವ ನನ್ನ ಕಡೆ ತಿರುಗಿದರು.

"ಅದ್ ಯಾವ್ ಹಕ್ಕಿ ಅಂದೇಳಿ ಕೇಂತ್ಲ್."

"ಯಾವ್ ಹಕ್ಕಿ?"

"ಇದ್ರಲ್ ಬಪ್ಪುದ್. ಪ್ರತಿ ಸಾಲ್ ಮುಗಿವಾಗ ಕೂಗ್ತಲ್ದಾ. ಸಪುರ ದನಿ. ಈಗ ಕೂಗ್ತ್, ಕೇಣ್."

ನಾನು ಕೇಳಿದೆ. ಭಾಗವತರು, ಮದ್ದಲೆ, ಶ್ರುತಿ. ಹಕ್ಕಿ ಇರಲಿಲ್ಲ. ಬಲಗಿವಿಯನ್ನು ಸ್ಪೀಕರಿನ ಹತ್ತಿರ ತಂದೆ. ಇರಲಿಲ್ಲ. ಊರಿನಲ್ಲಿ ಒಂದು ತಿಂಗಳು ಕೂತು ಇದನ್ನು ಶುದ್ಧ ಮಾಡಿದ್ದೆ. ಐನೂರು ಪ್ರತಿ ಮನೆಮನೆಗೆ ಹೋಗಿದೆ. ಯಾರೂ ಹೇಳಿರಲಿಲ್ಲ.

"ನೀ ಬೇಕಂದೇ ಬಿಟ್ಟದ್ದ್ ಅಂದೇಳಿ ಮಾಡಿದ್ದೆ ನಾನ್" ಎಂದರು ಭಾವ. ಅಷ್ಟು ಹೇಳಿದವರು ನನ್ನ ಮುಖ ನೋಡಿದರು. ನೋಡುತ್ತಲೇ ಇದ್ದರು.

ವಾಲ್ಟರ್ ಸಿಡಿ ನಿಲ್ಲಿಸಿದರು. ಅವರಿಗೆ ಭಾಷೆ ಬೇಕಾಗಿರಲಿಲ್ಲ. ತಮ್ಮ ಕಿವಿಯ ಯಂತ್ರ ಮುಟ್ಟಿ, ಡೀನಾಳನ್ನು ತೋರಿಸಿ, ನಿಧಾನವಾಗಿ, ನನಗೆ ನೇರ ಅರ್ಥವಾಗುವ ಹಾಗೆ ಹೇಳಿದರು. ನನಗೂ ಆ ಹಕ್ಕಿ ಕೇಳುವುದಿಲ್ಲ. ಇಪ್ಪತ್ತು ವರ್ಷವಾಯಿತು, ಯಾವ ಹಕ್ಕಿಯೂ ಕೇಳಿಲ್ಲ.

ಮತ್ತೆ ಕೆಲಸ ಹೇಗೆ ಮಾಡಿದಿರಿ ಎಂದು ನಾನು ಕೇಳಿದೆ. ಆ ಪ್ರವಾಸದಲ್ಲಿ ನಾನು ಇಂಗ್ಲಿಷಿನಲ್ಲಿ ಸ್ವಂತವಾಗಿ ಕೇಳಿದ ಪ್ರಶ್ನೆ ಅದೊಂದೇ.

ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ ಎಂದರು ಅವರು. ಕೆಳಗಿನದು ನನ್ನದು, ಮೇಲಿನದು ಅವಳದು. ಅವಳಿಗೆ ಈ ಹಾಡುಗಳು ಇಷ್ಟವೇ ಇಲ್ಲ, ಅದಕ್ಕೇ ತಪ್ಪು ಬೇಗ ಹಿಡಿಯುತ್ತಿದ್ದಳು. ಹೇಳಿ ನಕ್ಕರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ನಾಚಿಕೊಂಡು ಕೂತಿದ್ದ ಮೊದಲ ಐದು ವರ್ಷ ನಾನು ಹಾಳುಮಾಡಿದ ಹಾಡುಗಳಿವೆ, ಅವು ಈಗಲೂ ನನ್ನನ್ನು ಚುಚ್ಚುತ್ತವೆ ಎಂದರು.

ನದಿ ದಂಡೆ

ಶೈಲಾ ಬರಲು ಇನ್ನೂ ಹೊತ್ತಿತ್ತು. ಭಾವ ಮುಂದೆ ಹೋದರು, ನಾನು ಹಿಂದೆ. ನದಿ ನಮ್ಮ ಸೌಪರ್ಣಿಕೆಗಿಂತ ಎಷ್ಟೋ ಅಗಲ, ಆದರೆ ಸಮುದ್ರದ ಸೆಳೆತ ಗೊತ್ತಿಲ್ಲದ ಕಾರಣ ಕೆರೆಯ ಹಾಗೆ ಸುಮ್ಮನಿತ್ತು. ದಂಡೆಯ ಬೆಂಚಿನಲ್ಲಿ ಕುಳಿತೆವು.

"ಎಷ್ಟ್ ದಿನ ಆಯ್ತ್?"

"ಎರಡ್ ವರ್ಷ."

"ಜಲಜಂಗ್ ಗೊತ್ತಿತ್ತಾ?"

"ಯಾರಿಗೂ ಗೊತ್ತಿಲ್ಲ."

ಭಾವ ಕೈಬೆರಳು ನೋಡಿಕೊಂಡರು. ಮೂವತ್ತು ವರ್ಷ ಚೂರಿ ಹಿಡಿದ ಬೆರಳು, ತುದಿಗಳಲ್ಲೆಲ್ಲ ಬಿಳಿ ಗೀರು.

"ನಾನ್ ವಾರಕ್ಕೆರಡ್ ಸಲ ಬಸ್ ಹತ್ತಿ ಬತ್ತಿದ್ದೆ. ಆ ಕುರ್ಚಿ ಸದ್ದ್ ಬಂದಾಗೆಲ್ಲ ಕೇಣ್ ಅಂತಿದ್ದೆ. ನೀ ತಲೆ ಆಡ್ಸ್ತಿದ್ದೆ ಅಲ್ದಾ."

"ಆಡ್ಸ್ತಿದ್ದೆ."

"ಕೇಂತಿರ್ಲಿಲ್ಯಾ?"

"ಕೇಂತಿರ್ಲಿಲ್ಲ ಭಾವ. ನೆನಪಾತಿದ್ದಿತ್."

ಅವರು ನದಿಯ ಕಡೆ ತಿರುಗಿದರು. ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ. ಎದುರು ಒಂದು ದೋಣಿ ಮೋಟಾರು ನಿಲ್ಲಿಸಿ ನೀರಿನ ಮೇಲೆ ತೇಲುತ್ತಿತ್ತು, ಒಬ್ಬ ಗಾಳ ಹಾಕಿ ಕುಳಿತಿದ್ದ. ಕೊನೆಗೆ ಭಾವ ಎದ್ದು, ಬೆಂಚು ಸುತ್ತಿ ಬಂದು, ನನ್ನ ಬಲಗಡೆ ಕುಳಿತರು.

"ಆ ಮುದ್ಕನ್ ಹೆಂಡ್ತಿಗೆ ಪದ ಇಷ್ಟ ಇಲ್ಲ ಅಂಬ್ರ್" ಎಂದರು. "ನಂಗ್ ಇಷ್ಟ ಇತ್ತ್. ತೊಂದ್ರೆ ಇಲ್ಯಾ?"

ಮತ್ತೆ ಊರು

ಊರಿಗೆ ಬಂದು ಮೊದಲು ಹೆಂಡತಿಗೆ ಹೇಳಿದೆ. ಅವಳು ಅತ್ತಳು, ಆಮೇಲೆ ಎರಡು ವರ್ಷ ಮುಚ್ಚಿಟ್ಟದ್ದಕ್ಕೆ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಮಣಿಪಾಲಕ್ಕೆ ತಾನೇ ಕರೆದುಕೊಂಡು ಹೋಗಿ ಎರಡೂ ಕಿವಿಗೆ ಯಂತ್ರ ಹಾಕಿಸಿದಳು. ಗುಲ್ವಾಡಿಯ ಭಾಗವತರ ಮನೆಗೂ ಹೋಗಿ ವಿಷಯ ಹೇಳಿ ಕ್ಷಮೆ ಕೇಳಿದೆ. ಅವರು, "ಆ ಹಕ್ಕಿ ದಿನಾ ಬತ್ತ್, ನಾ ಹಾಡ್ರೆ ಅದೂ ಹಾಡತ್ತ್" ಎಂದು ಚಾ ತರಿಸಿದರು. ಆದರೆ ಎಲ್ಲರೂ ಹಾಗಲ್ಲ. ಯಂತ್ರ ನೋಡಿದ ಇಬ್ಬರು ಭಾಗವತರು ಉಡುಪಿಯ ಬೇರೆ ಸ್ಟುಡಿಯೋಗೆ ಹೋದರು. ಅವರನ್ನು ನಾನು ದೂರುವುದಿಲ್ಲ.

ಭಾವ ರೆಕಾರ್ಡಿಂಗ್ ಇದ್ದ ದಿನವೆಲ್ಲ ಬರತೊಡಗಿದರು. ಹೆಡ್‌ಫೋನ್ ಹಾಕಿಕೊಂಡು, ಒಗ್ಗರಣೆ ಸೀಯುತ್ತದೆಯೋ ಎಂದು ಕಾಯುವವರ ಹಾಗೆ ಬಾಗಿ ಕುಳಿತುಕೊಳ್ಳುತ್ತಿದ್ದರು. ಮೊದಲ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಹೆಸರಾಂತ ಭಾಗವತರೊಬ್ಬರು ಪದದ ನಡುವಿನಲ್ಲಿರುವಾಗ ಕೈಯೆತ್ತಿದರು. ನಾನು ಯಂತ್ರ ನಿಲ್ಲಿಸಿದೆ. ಭಾಗವತರ ಮುಖ ಕೆಂಪಾಯಿತು.

"ಎಂತ ಆಯ್ತ್?"

ಭಾವ ಹೆಡ್‌ಫೋನ್ ಕೆಳಗಿಳಿಸಿದರು. "ನಿಮ್ ಉಂಗ್ರ ತಾಳಕ್ ತಾಗ್ತ್. ಸಣ್ಣ್ ಸದ್ದ್ ಬತ್ತ್."

ಭಾಗವತರು ತಾಳವನ್ನೊಮ್ಮೆ ಮೆಲ್ಲಗೆ ಕುಟ್ಟಿ ಕೇಳಿದರು. ಇನ್ನೊಮ್ಮೆ ಕುಟ್ಟಿದರು. ಉಂಗುರ ತೆಗೆದು ಜೇಬಿಗೆ ಹಾಕಿಕೊಂಡು, "ಸುರೂವಿಂದ ಹೇಳ್ತೆ" ಎಂದರು.

ಆ ಸಿಡಿಯ ಹೊದಿಕೆ ಅಚ್ಚಾಗಿ ಬಂದ ದಿನ ಮೊದಲ ಪ್ರತಿಯನ್ನು ಭಾವನ ಕೈಗಿಟ್ಟೆ. ಹಿಂಬದಿಯಲ್ಲಿ ಭಾಗವತರು, ಮದ್ದಲೆ, ಚಂಡೆ, ಅದರ ಕೆಳಗೆ ಧ್ವನಿಮುದ್ರಣ ಎಂದು ನನ್ನ ಹೆಸರು, ಪಕ್ಕದಲ್ಲಿ ಅವರದು. ಅವರು ಕನ್ನಡಕ ಹಾಕಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿ ಓದಿದರು.

"ಮೂವತ್ ವರ್ಷ ಅಡಿಗೆ ಮಾಡ್ದೆ ಚಂದ್ರ" ಎಂದರು. "ಉಂಡವ್ರ್ ಎಷ್ಟ್ ಜನವೋ. ಕುಕ್ ಅಂತಲೇ ಕರ್ದದ್ದ್ ಎಲ್ಲ. ಹೆಸ್ರ್ ಯಾರೂ ಕೇಣ್ಲಿಲ್ಲ."

ಗೋಣಿ ಗೋಡೆಯ ಆಚೆ ಮದ್ದಲೆಯವರು ಬಂದು ಕುಳಿತಿದ್ದರು. ಭಾವ ಸಿಡಿಯನ್ನು ಅಂಗಿಯ ಜೇಬಿಗಿಟ್ಟು, ಹೆಡ್‌ಫೋನ್ ಏರಿಸಿ, ಶುರು ಮಾಡಬಹುದು ಎಂದು ನನಗೆ ತಲೆ ಆಡಿಸಿದರು.